ಬ್ರೌಸರ್‌ಗೆ ಹೇಳಬೇಕಾದ ಎರಡು ಮಾತು

ಊರಿನಲ್ಲಿರುವ ಅಜ್ಜಿಗೆ ಮೊಬೈಲಿನಲ್ಲಿ ರಾಜ್ಯೋತ್ಸವದ ಶುಭಾಶಯ ಪುಟವೊಂದನ್ನು ತೋರಿಸಬೇಕೆಂದು ಅಲ್ ವುಕೈರ್‌ನ ಮನೆಯಲ್ಲಿ ಕುಳಿತು ಪುಟ್ಟ ವೆಬ್ ಎಪಿಐ ಬರೆದೆ. ಅಜ್ಜಿ ಫೋನ್ ಮಾಡಿ, "ಇದೇನು ಮಗಾ, ಅಕ್ಷರಗಳ ನಡುವೆ ಬರೀ ಬಾಣದ ಗುರುತುಗಳು!" ಎಂದರು.

ತಪ್ಪು ನನ್ನದೇ. ಸರ್ವರ್ ಕಳುಹಿಸುವ ಪ್ರತಿ ಉತ್ತರಕ್ಕೂ ಒಂದು ತಲೆಬರಹವಿರುತ್ತದೆ. ಅದರಲ್ಲಿ 'ಕಂಟೆಂಟ್-ಟೈಪ್' ಎಂಬ ಸಾಲು, ಒಳಗಿರುವುದು ಏನೆಂದು ಬ್ರೌಸರ್‌ಗೆ ತಿಳಿಸುತ್ತದೆ. 1992ರಲ್ಲಿ ಇ-ಮೇಲ್‌ಗಾಗಿ ರೂಪಿಸಿದ ಮೈಮ್ ನಿಯಮಗಳಿಂದ ಈ ಪದ್ಧತಿ ವೆಬ್‌ಗೆ ಬಂದಿತು. ಮೈಕ್ರೋಸಾಫ್ಟಿನ ಎಎಸ್‌ಪಿ ಡಾಟ್ ನೆಟ್ ಕೋರ್‌ನಲ್ಲಿ ಕಂಟ್ರೋಲರ್ ಬರೀ ಸ್ಟ್ರಿಂಗ್ ಹಿಂದಿರುಗಿಸಿದರೆ, ಸಾಮಾನ್ಯವಾಗಿ ಅದು 'ಟೆಕ್ಸ್ಟ್/ಪ್ಲೇನ್' ಎಂದು ಹೋಗುತ್ತದೆ. ಆಗ ಬ್ರೌಸರ್ ಎಚ್‌ಟಿಎಂಎಲ್ ಟ್ಯಾಗ್‌ಗಳನ್ನೂ ಮಾತಿನಂತೆಯೇ ತೋರಿಸುತ್ತದೆ. 'ಕಂಟೆಂಟ್‌ರಿಸಲ್ಟ್' ಬಳಸಿ 'ಟೆಕ್ಸ್ಟ್/ಎಚ್‌ಟಿಎಂಎಲ್' ಎಂದು ನಾವೇ ಹೇಳಬೇಕು. ಇದು ಮೊದಲನೆಯ ಮಾತು.

ಹಾಗೆಯೇ ಮಾಡಿದೆ. ಬಾಣಗಳು ಹೋದವು, ಜೊತೆಗೆ ಕನ್ನಡವೂ ಹೋಯಿತು!

ಕಾರಣ ಹೀಗಿದೆ. ಯುನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಅದರಲ್ಲಿ 'ಕ' ಅಕ್ಷರದ ಸಂಖ್ಯೆ 3221. ಯುಟಿಎಫ್-8 ಪದ್ಧತಿಯಲ್ಲಿ ಅದು 224, 178, 149 ಎಂಬ ಮೂರು ಬೈಟ್‌ಗಳಾಗಿ ಸಾಗುತ್ತದೆ. ಯಾವ ಪದ್ಧತಿಯೆಂದು ತಿಳಿಸದಿದ್ದರೆ ಬ್ರೌಸರ್ ಊಹಿಸಬೇಕಾಗುತ್ತದೆ. ಅದು ಪಾಶ್ಚಾತ್ಯ ಭಾಷೆಗಳ ಹಳೆಯ ಪಟ್ಟಿಯನ್ನು ಹಿಡಿದು ಓದಿದರೆ, ಒಂದು 'ಕ' ಇರಬೇಕಾದಲ್ಲಿ ಗೆರೆ ಹೊತ್ತ ರೋಮನ್ ಅಕ್ಷರ, ಪುಟ್ಟ 2 ಮತ್ತು ಒಂದು ಕಪ್ಪು ಚುಕ್ಕೆ ಮೂಡುತ್ತವೆ. ಇಂಗ್ಲಿಷ್ ಅಕ್ಷರಗಳು ಎರಡೂ ಪದ್ಧತಿಗಳಲ್ಲಿ ಒಂದೇ ಆದ್ದರಿಂದ, ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದವರಿಗೆ ಈ ದೋಷ ಕಾಣುವುದೇ ಇಲ್ಲ. ಆದ್ದರಿಂದ ಎರಡನೆಯ ಮಾತು: 'ಚಾರ್‌ಸೆಟ್=ಯುಟಿಎಫ್-8'. ಪೂರ್ಣ ಸಾಲು ಹೀಗೆ:

ಟೆಕ್ಸ್ಟ್/ಎಚ್‌ಟಿಎಂಎಲ್; ಚಾರ್‌ಸೆಟ್=ಯುಟಿಎಫ್-8

ಒಂದು ಎಚ್ಚರಿಕೆ. ಪುಟದಲ್ಲಿ ಬೇರೆಯವರು ಟೈಪ್ ಮಾಡಿದ ಹೆಸರನ್ನು ತೋರಿಸುವುದಾದರೆ ಅದನ್ನು ಮೊದಲು 'ಎಚ್‌ಟಿಎಂಎಲ್ ಎನ್‌ಕೋಡ್' ಮಾಡಬೇಕು. ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಯಾರಾದರೂ ಬರೆದಿಟ್ಟ ಸ್ಕ್ರಿಪ್ಟ್, ಓದುವವರ ಬ್ರೌಸರಿನಲ್ಲಿ ನಡೆದುಬಿಡಬಹುದು.

ಮೂರನೆಯ ಸಲ ಅಜ್ಜಿ ಶುಭಾಶಯವನ್ನು ಫೋನಿನಲ್ಲಿ ಗಟ್ಟಿಯಾಗಿ ಓದಿ ಹೇಳಿದರು. ಗೆಳೆಯರೇ, ನೀವು ಪ್ರೋಗ್ರಾಂ ಬರೆದಾಗ ಒಂದು ಸಾಲಾದರೂ ಕನ್ನಡದಲ್ಲಿ ಪರೀಕ್ಷಿಸಿ ನೋಡಿ. ನಮ್ಮ ಭಾಷೆ ಸರಿಯಾಗಿ ಬಂದರೆ ಉಳಿದ ಭಾಷೆಗಳೂ ಬಹುಮಟ್ಟಿಗೆ ಸರಿಯಾಗಿಯೇ ಬರುತ್ತವೆ.