ಕಿವಿಯ ಭಾಷೆ, ಪುಟದ ಭಾಷೆ: ನೂಲ್ಪುಳದ ಮಕ್ಕಳ ಓದು

ನೂಲ್ಪುಳ ಎಂಬ ಸ್ಥಳನಾಮದ ಉತ್ತರಪದವಾದ ‘ಪುೞ’ವೂ ನಮ್ಮ ‘ಹೊಳೆ’ಯೂ ಒಂದೇ ಮೂಲದವು. ಹಳಗನ್ನಡದ ೞಕಾರವನ್ನು ನಾವು ಳಕಾರದಲ್ಲಿ ಕರಗಿಸಿಕೊಂಡೆವು. ಮಲಯಾಳವು ತನ್ನದನ್ನು ಇಂದಿಗೂ ಉಳಿಸಿಕೊಂಡಿದೆ. ವಯನಾಡು ಜಿಲ್ಲೆಯ ಸುಲ್ತಾನ್ ಬತ್ತೇರಿ ತಾಲೂಕಿಗೆ ಸೇರಿದ ಈ ಪಂಚಾಯತಿಯ ಒಂದು ಮಗ್ಗುಲಿಗೆ ಕರ್ನಾಟಕದ ಬಂಡೀಪುರದ ಕಾಡು, ಇನ್ನೊಂದು ಮಗ್ಗುಲಿಗೆ ತಮಿಳುನಾಡಿನ ನೀಲಗಿರಿ ಜಿಲ್ಲೆ. ಗುಂಡ್ಲುಪೇಟೆಯಿಂದ ಕೋಳಿಕೋಡಿಗೆ ಸಾಗುವ 766ನೆಯ ರಾಷ್ಟ್ರೀಯ ಹೆದ್ದಾರಿ ಇಲ್ಲಿಯ ಮುತ್ತಂಗವನ್ನು ಹಾದುಹೋಗುತ್ತದೆ. ಪಣಿಯ, ಕಾಟ್ಟುನಾಯ್ಕ, ಮುಳ್ಳುಕುರುಮ, ಊರಾಳಿ ಸಮುದಾಯಗಳೂ ವಯನಾಡನ್ ಚೆಟ್ಟಿಗಳೂ ನೆಲೆಸಿರುವ ಈ ನೆಲದಲ್ಲಿ ಮಕ್ಕಳು ಹಲವು ಭಾಷೆಗಳನ್ನು ಹೊತ್ತು ಒಂದನೆಯ ತರಗತಿಗೆ ಬರುತ್ತಾರೆ. ಅವರ ಕೈಗೆ ಬರುವ ಪಠ್ಯದ ಭಾಷೆ ಮಲಯಾಳ.

ಓದಿನ ವಿಷಯದಲ್ಲಿ ಕೇರಳಕ್ಕೆ ಉಪದೇಶ ಮಾಡುವುದು ಹುಂಬತನವಾದೀತು. 1945ರಲ್ಲಿ ಪಿ. ಎನ್. ಪಣಿಕ್ಕರ್ ಅವರ ಮುಂದಾಳುತನದಲ್ಲಿ 47 ಗ್ರಂಥಾಲಯಗಳು ಕೂಡಿ ಕಟ್ಟಿದ ಸಂಘವು ಹಳ್ಳಿಹಳ್ಳಿಗೆ ವಾಚನಾಲಯವನ್ನು ಒಯ್ದಿತು. 1975ರಲ್ಲಿ ಯುನೆಸ್ಕೊದ ಕ್ರುಪ್ಸ್ಕಾಯಾ ಪ್ರಶಸ್ತಿಯನ್ನು ಪಡೆಯಿತು. ಪಣಿಕ್ಕರ್ ತೀರಿಕೊಂಡ ಜೂನ್ 19ನ್ನು ಅಲ್ಲಿ ವಾಚನ ದಿನವಾಗಿ ಆಚರಿಸುತ್ತಾರೆ. ಆದರೆ ಆ ಚಳವಳಿಯ ಕಣ್ಣ ಮುಂದಿದ್ದ ಓದುಗನು ಮಲಯಾಳವನ್ನು ಮನೆಯಿಂದಲೇ ತಂದವನು. ಅಕ್ಷರವೊಂದನ್ನು ಕಲಿತರೆ ಅವನಿಗೆ ಸಾಕಾಗಿತ್ತು. ಹಾಡಿಯ ಮಗು ಅಕ್ಷರದ ಜೊತೆಗೆ ಭಾಷೆಯನ್ನೂ ಕಲಿಯಬೇಕು. ಓದುವ ಅಭ್ಯಾಸ ಅಕ್ಷರದಿಂದ ಮೊದಲಾಗುವುದಿಲ್ಲ, ಯಾರೋ ಹಿರಿಯರು ಓದಿ ಹೇಳುವುದನ್ನು ಕೇಳಿದ ಕಿವಿಯಿಂದ ಮೊದಲಾಗುತ್ತದೆ. ಕಥೆ ಮುಂದೇನಾಗುವುದೆಂದು ಊಹಿಸಬಲ್ಲ ಮಗುವೇ ಮುಂದಿನ ಪುಟವನ್ನು ತಿರುವುತ್ತದೆ. ಅರಿಯದ ಭಾಷೆಯಲ್ಲಿ ಈ ಊಹೆಗೆ ಎಡೆಯಿಲ್ಲ. ಅಂಥ ಮಗು ಅಕ್ಷರಗಳನ್ನು ಕೂಡಿಸಿ ಉಚ್ಚರಿಸೀತು, ಅದನ್ನು ನಾವು ಓದು ಎಂದು ಭ್ರಮಿಸಿಯೇವು.

ಕಾಟ್ಟುನಾಯ್ಕರ ಸಂಗತಿ ಕನ್ನಡ ವಿದ್ವಾಂಸರಿಗೆ ಹತ್ತಿರದ್ದು. ಕೇರಳದ ಐದು ವಿಶೇಷ ದುರ್ಬಲ ಬುಡಕಟ್ಟುಗಳಲ್ಲಿ ಒಂದಾದ ಇವರಿಗೆ ಅಲ್ಲಿ ತೇನ್‌ಕುರುಮರ್ ಎಂಬ ಹೆಸರೂ ಉಂಟು. ನಮ್ಮ ಜೇನುಕುರುಬರಿಗೂ ಇವರಿಗೂ ಇರುವ ನಂಟು ಹೆಸರಿನಲ್ಲಿಯೇ ಕಾಣುತ್ತದೆ. ಇವರ ನುಡಿ ಕನ್ನಡಕ್ಕೆ ತೀರ ಸಮೀಪದ್ದು. ಇಲ್ಲಿಯೇ ನಮಗೊಂದು ಪ್ರಲೋಭನೆ ಎದುರಾಗುತ್ತದೆ: ಇದು ಕನ್ನಡದ ಉಪಭಾಷೆ, ಆದ್ದರಿಂದ ಕಾಸರಗೋಡಿನಲ್ಲಿ ಮಾಡಿದಂತೆ ಇಲ್ಲಿಗೂ ಕನ್ನಡ ಪುಸ್ತಕಗಳನ್ನು ಕಳುಹಿಸೋಣ ಎಂಬುದು. ಇದು ಸಲ್ಲದೆಂಬುದು ನನ್ನ ಅಭಿಪ್ರಾಯ. ಕಾಸರಗೋಡಿನ ಕನ್ನಡಿಗನಿಗೆ ಕನ್ನಡವು ಶಾಲೆಯ, ಯಕ್ಷಗಾನದ, ಪತ್ರಿಕೆಯ ಭಾಷೆ. ನೂಲ್ಪುಳದ ಕಾಟ್ಟುನಾಯ್ಕ ಮಗುವಿಗೆ ಪಠ್ಯಪುಸ್ತಕದ ಕನ್ನಡವು ಮಲಯಾಳದಂತೆಯೇ ಹೊರಗಿನದು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆನ್ನುವ ಸಂವಿಧಾನದ 350ಎ ವಿಧಿಯ ಬಲದಿಂದ ನಾವು ಕನ್ನಡಕ್ಕಾಗಿ ವಾದಿಸಿದ್ದೇವೆ. ಅದೇ ವಾದ ಈ ನುಡಿಗಳಿಗೂ ಸಲ್ಲಬೇಡವೆ?

ಆಫ್ರಿಕದ ಅನುಭವವೊಂದು ಇಲ್ಲಿ ನೆರವಾಗುತ್ತದೆ. ಕೆನ್ಯಾದ ರಾಷ್ಟ್ರೀಯ ಗ್ರಂಥಾಲಯ ಸೇವೆಯು 1996ರಲ್ಲಿ ಗರಿಸ್ಸಾದಲ್ಲಿ ಒಂಟೆಗಳ ಮೇಲೆ ಪುಸ್ತಕದ ಪೆಟ್ಟಿಗೆ ಹೇರಿ ಅಲೆಮಾರಿ ಪಶುಪಾಲಕರ ಬಳಿಗೆ ಕಳುಹಿಸತೊಡಗಿತು. ದೂರವನ್ನು ಗೆದ್ದ ಈ ಯೋಜನೆಗೆ ಲೋಕವೆಲ್ಲ ತಲೆದೂಗಿತು. ಆದರೆ ಆ ಮಕ್ಕಳ ಮನೆಮಾತು ಸೊಮಾಲಿ, ಪೆಟ್ಟಿಗೆಯಲ್ಲಿದ್ದವು ಬಹುಮಟ್ಟಿಗೆ ಇಂಗ್ಲಿಷ್ ಮತ್ತು ಸ್ವಾಹಿಲಿ ಪುಸ್ತಕಗಳು. ದಕ್ಷಿಣ ಆಫ್ರಿಕದಿಂದ 2014ರಲ್ಲಿ ಹೊರಟ ‘ಆಫ್ರಿಕನ್ ಸ್ಟೋರಿಬುಕ್’ ಯೋಜನೆಯು ಸಮಸ್ಯೆಯನ್ನು ಬೇರೆ ತುದಿಯಿಂದ ಹಿಡಿಯಿತು. ಶಿಕ್ಷಕರೂ ಗ್ರಂಥಪಾಲಕರೂ ತಮ್ಮ ಭಾಷೆಯಲ್ಲಿ ಚಿಕ್ಕ ಸಚಿತ್ರ ಕಥೆಗಳನ್ನು ಬರೆದು, ಅನುವಾದಿಸಿ, ಮುಕ್ತ ಪರವಾನಗಿಯಲ್ಲಿ ಹಂಚಿದರು. ಭಾರತದಲ್ಲಿ ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ತೆರೆದ ‘ಸ್ಟೋರಿವೀವರ್’ ಇದೇ ಜಾಡಿನದು. ಪ್ರಕಾಶಕನಿಗೆ ಲಾಭ ತರಲಾರದಷ್ಟು ಚಿಕ್ಕ ಭಾಷೆಗೂ ಹೀಗೆ ಪುಸ್ತಕ ಸಾಧ್ಯವಾಗುತ್ತದೆ.

ನೂಲ್ಪುಳದಲ್ಲಿ ಇದಕ್ಕೆ ಬೇಕಾದವರು ಈಗಾಗಲೇ ಇದ್ದಾರೆ. 2017ರಲ್ಲಿ ವಯನಾಡಿನಲ್ಲಿ ಆರಂಭವಾದ ‘ಗೋತ್ರಬಂಧು’ ಯೋಜನೆಯಂತೆ ಆದಿವಾಸಿ ಸಮುದಾಯಗಳ ಶಿಕ್ಷಿತ ಯುವಜನರು ಪ್ರಾಥಮಿಕ ಶಾಲೆಗಳಲ್ಲಿ ಮಾರ್ಗದರ್ಶಿ ಶಿಕ್ಷಕರಾಗಿ ನೇಮಕಗೊಂಡರು. ಇಂಥ ಶಿಕ್ಷಕರೊಬ್ಬರು ಹಾಡಿಯ ಅಜ್ಜಿಯಿಂದ ಜೇನು ಕೀಳುವ ಕಥೆಯನ್ನು ಕೇಳಿ ಬರೆದುಕೊಳ್ಳಲಿ. ಮಕ್ಕಳು ಚಿತ್ರ ಬರೆಯಲಿ. ಪುಟಕ್ಕೆರಡು ವಾಕ್ಯಗಳಂತೆ ಹನ್ನೆರಡು ಪುಟದ ಹೊತ್ತಗೆಯಾಗಲಿ. ಬಳಿಕ ಅದನ್ನು ಅಜ್ಜಿಗೇ ಓದಿ ಹೇಳಬೇಕು. ಆಕೆ ನಕ್ಕು ತಿದ್ದಿದ ಕಡೆಯಲ್ಲೆಲ್ಲ ಬರಹ ತಪ್ಪಿದೆಯೆಂದು ತಿಳಿಯಬೇಕು. (ಇದಕ್ಕಿಂತ ಕಟ್ಟುನಿಟ್ಟಾದ ಸಂಪಾದನ ಮಂಡಳಿಯನ್ನು ನಾನು ಕಂಡಿಲ್ಲ.)

ಲಿಪಿಯ ಪ್ರಶ್ನೆಯನ್ನು ಹಗುರವಾಗಿ ಕಾಣಲಾಗದು. ಭಾಷೆ ಕನ್ನಡಕ್ಕೆ ಹತ್ತಿರವೆಂದ ಮಾತ್ರಕ್ಕೆ ಕನ್ನಡ ಲಿಪಿ ಯೋಗ್ಯವಾಗುವುದಿಲ್ಲ. ಮಗು ಶಾಲೆಯಲ್ಲಿ ಕಲಿಯುವುದು ಮಲಯಾಳ ಲಿಪಿಯನ್ನು. ಮನೆಮಾತಿನ ಕಥೆಯೂ ಅದರಲ್ಲಿಯೇ ಇದ್ದರೆ ಒಂದೇ ಕಲಿಕೆ ಎರಡು ಕಡೆ ದುಡಿಯುತ್ತದೆ. ಹಕಾರ ಜಕಾರಗಳಿಗೂ ಎ ಏ, ಒ ಓಗಳ ಭೇದಕ್ಕೂ ಆ ಲಿಪಿಯಲ್ಲಿ ಅಕ್ಷರಗಳಿವೆ. ತೊಡಕಿರುವುದು ಬೇರೆಡೆ: ಗೇಲ್ ಕೊಯೆಲೊ ಅವರು 2003ರಲ್ಲಿ ವ್ಯಾಕರಣ ರಚಿಸಿದ ಬೆಟ್ಟಕುರುಂಬದಂಥ ನುಡಿಗಳಲ್ಲಿ ಕನ್ನಡ, ಮಲಯಾಳ ಎರಡೂ ಲಿಪಿಗಳಲ್ಲಿ ಚಿಹ್ನೆಯಿಲ್ಲದ ಮಧ್ಯಸ್ವರಗಳಿವೆ. ಅವುಗಳಿಗೆ ಹೊಸ ಗುರುತು ಬೇಕೆ, ಸಂದರ್ಭದಿಂದ ಓದಿಕೊಳ್ಳಬಹುದೆ ಎಂಬುದನ್ನು ಓದುವ ಮಕ್ಕಳ ನಡುವೆ ಕುಳಿತು ತೀರ್ಮಾನಿಸಬೇಕು, ಸಮ್ಮೇಳನದಲ್ಲಲ್ಲ.

ಪುಸ್ತಕ ಎಲ್ಲಿರಬೇಕು ಎಂಬುದು ಕೊನೆಯ ಮಾತು. ವಸತಿ ಶಾಲೆಯ ಕಪಾಟಿನಲ್ಲಿದ್ದರೆ ರಜೆ ಬಂದೊಡನೆ ಓದು ನಿಲ್ಲುತ್ತದೆ. ಜೇನಿನ ಕಾಲದಲ್ಲಿ ಕುಟುಂಬ ಕಾಡಿಗೆ ಇಳಿಯುತ್ತದೆ. ಕೆಲವರು ಶುಂಠಿಯ ಗದ್ದೆಗಳ ಕೂಲಿಗೆ ಕೊಡಗಿನ ಕಡೆಗೆ ಹೋಗುತ್ತಾರೆ. ಪರಿಶಿಷ್ಟ ಪಂಗಡ ಅಭಿವೃದ್ಧಿ ಇಲಾಖೆಯು ಹಾಡಿಗಳಲ್ಲಿ ತೆರೆದಿರುವ ಸಾಮೂಹಿಕ ಅಧ್ಯಯನ ಕೊಠಡಿಗಳಲ್ಲಿ ಪುಸ್ತಕಗಳನ್ನು ಇಟ್ಟು, ಕೊಂಡೊಯ್ಯಲು ಬಿಡಬೇಕು. ಕೆಲವು ಹರಿದುಹೋದಾವು, ಕೆಲವು ಮಳೆಗೆ ನೆನೆದಾವು. ಮುಕ್ತ ಪರವಾನಗಿಯ ಹನ್ನೆರಡು ಪುಟಗಳನ್ನು ಮತ್ತೆ ಮುದ್ರಿಸಲು ಹೆಚ್ಚು ಹಣ ಬೇಡ. ಹೆಗ್ಗಡದೇವನಕೋಟೆಯ ಜೇನುಕುರುಬ ಹಾಡಿಗಳಲ್ಲಿಯೂ ಇದೇ ಕಥೆಗಳನ್ನು ಕನ್ನಡ ಲಿಪಿಯಲ್ಲಿ ಓದಿಸಿ ನೋಡಬಹುದು. ಎರಡೂ ಕಡೆಯ ಮಕ್ಕಳು ಎಲ್ಲಿ ತಡವರಿಸುತ್ತಾರೆ, ಎಲ್ಲಿ ಸರಾಗವಾಗಿ ಸಾಗುತ್ತಾರೆ ಎಂಬುದನ್ನು ಬರೆದಿಡುವ ಕೆಲಸ ನಮ್ಮ ಪಾಲಿನದು.