ಊರಿನ ನಾಡಿ ಹಿಡಿಯುವ ಲೆಕ್ಕ

ಮಗನೋ ಮಗಳೋ ಎಂ.ಬಿ.ಬಿ.ಎಸ್. ಮುಗಿಸಿ ಸ್ನಾತಕೋತ್ತರ ಸೀಟಿಗೆ ಕಾಯುತ್ತಿರುವ ಮನೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ. “ಕಮ್ಯುನಿಟಿ ಮೆಡಿಸಿನ್ ಸಿಕ್ಕಿದೆ ಡಾಕ್ಟ್ರೇ. ಅದರಲ್ಲಿ ಆಪರೇಷನ್ ಇಲ್ಲ, ವಾರ್ಡಿಲ್ಲ, ಬರೀ ಲೆಕ್ಕವಂತೆ. ಲೆಕ್ಕ ಬರೆಸುವುದಾಗಿದ್ದರೆ ಬಿ.ಕಾಂ. ಓದಿಸಬಹುದಿತ್ತಲ್ಲ!” ಹೀಗೆ ಹೇಳುವ ತಂದೆತಾಯಿಯರ ಬೇಸರ ಅರ್ಥವಾಗುವಂಥದ್ದೇ. ಆದರೆ ಆ ಲೆಕ್ಕ ಎಂಥದ್ದು, ಅದರಿಂದ ಎಷ್ಟು ಜೀವ ಉಳಿದಿದೆ ಎಂದು ತಿಳಿದರೆ ಬೇಸರ ಕಡಿಮೆಯಾದೀತು.

ನನ್ನಂಥ ಸಾಮಾನ್ಯ ವೈದ್ಯ ಎದುರಿಗೆ ಕುಳಿತ ರೋಗಿಯನ್ನು ನೋಡಿ, ‘ಇವರಿಗೆ ಏನಾಗಿದೆ?’ ಎಂದು ಕೇಳುತ್ತಾನೆ. ಸಮುದಾಯ ವೈದ್ಯ ಕೇಳುವ ಪ್ರಶ್ನೆ ಬೇರೆ. ‘ಈ ಬೀದಿಯಲ್ಲೇ ಇಷ್ಟು ಜನಕ್ಕೆ ಯಾಕೆ ಬಂತು? ಪಕ್ಕದ ಬೀದಿಗೆ ಯಾಕೆ ಬರಲಿಲ್ಲ?’ ಇದನ್ನು ಶಾಸ್ತ್ರೀಯವಾಗಿ ಕೇಳುವುದನ್ನು ಎಪಿಡೆಮಿಯಾಲಜಿ ಕಲಿಸುತ್ತದೆ. ಸಿಕ್ಕ ಉತ್ತರ ನಿಜವೋ ಕಾಕತಾಳೀಯವೋ ಎಂದು ತೂಗಿ ನೋಡುವುದನ್ನು ಬಯೋಸ್ಟ್ಯಾಟಿಸ್ಟಿಕ್ಸ್, ಅಂದರೆ ಜೀವಸಂಖ್ಯಾಶಾಸ್ತ್ರ ಕಲಿಸುತ್ತದೆ. ಎಂ.ಡಿ.ಯ ಮೂರು ವರ್ಷಗಳಲ್ಲಿ ಈ ಎರಡೂ ವಿಷಯಗಳಿಗೆ ದೊಡ್ಡ ಪಾಲು. ಮೊದಲನೆಯದನ್ನು ಕನ್ನಡದಲ್ಲಿ ಸಾಂಕ್ರಾಮಿಕ ರೋಗಶಾಸ್ತ್ರ ಎನ್ನುವ ರೂಢಿ ಇದೆಯಾದರೂ ಅದರ ವ್ಯಾಪ್ತಿ ಅಂಟುರೋಗಗಳಿಗಷ್ಟೇ ಸೀಮಿತವಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರ್, ರಸ್ತೆ ಅಪಘಾತ ಎಲ್ಲವೂ ಅದರೊಳಗೆ ಬರುತ್ತವೆ.

ಎಷ್ಟು ಜನರಲ್ಲಿ ಎಷ್ಟು?

ವಿದ್ಯಾರ್ಥಿ ಕಲಿಯುವ ಮೊದಲ ಪಾಠ ಭಾಗಾಕಾರ. ‘ಹತ್ತು ಮಂದಿಗೆ ಕಾಯಿಲೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಐವತ್ತು ಜನರಲ್ಲಿ ಹತ್ತೋ, ಐವತ್ತು ಸಾವಿರದಲ್ಲಿ ಹತ್ತೋ ಗೊತ್ತಾಗಬೇಕು.

ಇದಕ್ಕೆ ಪ್ರಸಿದ್ಧ ಉದಾಹರಣೆ ಲಂಡನ್ನಿನ ವೈದ್ಯ ಜಾನ್ ಸ್ನೋ ನಡೆಸಿದ ಕಾಲರಾ ತನಿಖೆ. 1854ರಲ್ಲಿ ಆ ನಗರದಲ್ಲಿ ಕಾಲರಾ ಹಬ್ಬಿತ್ತು. ಕೆಟ್ಟ ಗಾಳಿಯೇ ಇದಕ್ಕೆ ಕಾರಣವೆಂದು ಆಗಿನ ಬಹುತೇಕ ಪಂಡಿತರು ನಂಬಿದ್ದರು. ಸ್ನೋ ಅವರಿಗೆ ನೀರಿನ ಮೇಲೆ ಅನುಮಾನ. ನಗರದ ಒಂದು ಭಾಗದಲ್ಲಿ ಎರಡು ಖಾಸಗಿ ಕಂಪನಿಗಳ ಕೊಳವೆಗಳು ಒಂದೇ ಬೀದಿಯಲ್ಲಿ ಅಕ್ಕಪಕ್ಕ ಹಾದುಹೋಗಿದ್ದವು. ಸೌತ್‌ವಾರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿ ಚರಂಡಿ ಸೇರುವ ಜಾಗದಲ್ಲೇ ಥೇಮ್ಸ್ ನದಿಯ ನೀರೆತ್ತುತ್ತಿತ್ತು. ಲ್ಯಾಂಬೆತ್ ಕಂಪನಿ 1852ರಲ್ಲೇ ನದಿಯ ಮೇಲ್ಭಾಗದ ಶುದ್ಧ ನೀರಿಗೆ ಬದಲಾಯಿಸಿಕೊಂಡಿತ್ತು. ಬೀದಿ ಒಂದೇ, ಗಾಳಿ ಒಂದೇ, ಬಡವ ಬಲ್ಲಿದರೂ ಎರಡೂ ಕಡೆ ಇದ್ದರು. ವ್ಯತ್ಯಾಸವಿದ್ದದ್ದು ನೀರಿನಲ್ಲಿ.

ಸ್ನೋ, ಸತ್ತವರ ಮನೆಗಳಿಗೆ ಯಾವ ಕಂಪನಿಯ ನೀರು ಬರುತ್ತಿತ್ತೆಂದು ಮನೆಮನೆ ಅಲೆದು ವಿಚಾರಿಸಿದರು. ಏಳು ವಾರಗಳಲ್ಲಿ ಮೊದಲ ಕಂಪನಿಯ 40,046 ಮನೆಗಳಲ್ಲಿ 1,263 ಸಾವು, ಎರಡನೆಯದರ 26,107 ಮನೆಗಳಲ್ಲಿ 98 ಸಾವು. ಅಂದರೆ ಪ್ರತಿ 10,000 ಮನೆಗೆ ಒಂದು ಕಡೆ 315, ಇನ್ನೊಂದು ಕಡೆ 37. ರಾಬರ್ಟ್ ಕಾಕ್ ಕಲ್ಕತ್ತೆಯಲ್ಲಿ ಕಾಲರಾ ರೋಗಾಣುವಿನ ಪಾತ್ರವನ್ನು ಖಚಿತಪಡಿಸಿದ್ದು 1884ರಲ್ಲಿ. ರೋಗಾಣು ಯಾವುದೆಂದು ಗೊತ್ತಿಲ್ಲದೆಯೂ, ಮೂವತ್ತು ವರ್ಷ ಮೊದಲೇ, ಒಂದು ಭಾಗಾಕಾರ ಅಪರಾಧಿಯನ್ನು ತೋರಿಸಿಕೊಟ್ಟಿತ್ತು.

ಯಾರಿಗೆ, ಎಲ್ಲಿ, ಯಾವಾಗ?

ಎರಡನೆಯ ಪಾಠಕ್ಕೆ ನಾವು ಲಂಡನ್ನಿಗೆ ಹೋಗಬೇಕಾಗಿಲ್ಲ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಕಡೆ 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಅದೇ ಸಮಯಕ್ಕೆ ಹಳ್ಳಿಗರಿಗೆ ವಿಪರೀತ ಜ್ವರ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಮೊದಲು ಟೈಫಾಯ್ಡ್ ಜಾತಿಯ ಜ್ವರವೆಂಬ ಶಂಕೆ ಇತ್ತು. ಮಂಗಗಳೂ ಸಾಯುತ್ತಿದ್ದುದರಿಂದ ಹಳದಿ ಜ್ವರವಿರಬಹುದೇ ಎಂಬ ಆತಂಕವೂ ಎದ್ದಿತು.

ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಬಂದು ತನಿಖೆ ನಡೆಸಿತು. ಯಾರಿಗೆ ಬಂತು? ಸೌದೆಗೆ, ದನ ಮೇಯಿಸಲಿಕ್ಕೆ ಕಾಡಿಗೆ ಹೋಗುವವರಿಗೆ. ಎಲ್ಲಿ? ಕಾಡಂಚಿನ ಹಳ್ಳಿಗಳಲ್ಲಿ. ಯಾವಾಗ? ಮಳೆಗಾಲ ಕಳೆದ ಮೇಲಿನ ಒಣ ತಿಂಗಳುಗಳಲ್ಲಿ. ಈ ಮೂರು ಉತ್ತರಗಳಿಗೂ ಪ್ರಯೋಗಾಲಯದ ವರದಿಗೂ ತಾಳೆಯಾಯಿತು. ರೋಗಕ್ಕೆ ಕಾರಣ ಒಂದು ಹೊಸ ವೈರಸ್, ಅದನ್ನು ಹರಡುವುದು ಕಾಡಿನ ಉಣುಗು. ಮಲೆನಾಡಿಗರು ಮಂಗನ ಕಾಯಿಲೆ ಎನ್ನುವ ಈ ರೋಗಕ್ಕೆ ಜಗತ್ತಿನ ವೈದ್ಯಗ್ರಂಥಗಳಲ್ಲಿ ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಹೆಸರು.

ಉಣುಗಿನ ಮರಿಗಳು ಹೆಚ್ಚಾಗಿರುವ ಕಾಲವೂ ರೋಗ ಹೆಚ್ಚುವ ಕಾಲವೂ ಒಂದೇ. ಇದು ಗೊತ್ತಾದ್ದರಿಂದಲೇ ಇವತ್ತಿಗೂ ಆ ತಿಂಗಳುಗಳಲ್ಲಿ ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ತೊಟ್ಟು ಉಣುಗು ದೂರವಿಡುವ ತೈಲ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಎಂದು ಹೇಳಲಾಗುತ್ತದೆ.

ಮದುವೆ ಊಟದ ತನಿಖೆ

ತರಬೇತಿಯಲ್ಲಿ ಹೇಳಿಕೊಡುವ ಇನ್ನೊಂದು ಲೆಕ್ಕವನ್ನು ಒಂದು ಕಾಲ್ಪನಿಕ ಮದುವೆಯ ಮೂಲಕ ನೋಡೋಣ. 200 ಮಂದಿ ಊಟ ಮಾಡಿದರು, 60 ಮಂದಿಗೆ ವಾಂತಿ ಶುರುವಾಯಿತು. ವಿಚಾರಿಸಿದಾಗ ಆ 60ರಲ್ಲಿ 57 ಮಂದಿ ಅನ್ನ ಸಾರು ಉಂಡಿದ್ದರು. ‘ಸಾರೇ ಕೆಟ್ಟಿತ್ತು’ ಎಂದು ಬೀಗರು ಅಡುಗೆಭಟ್ಟರ ಮೇಲೆ ಎಗರಿದರು.

ತರಬೇತಿ ಪಡೆದ ವೈದ್ಯ ಹುಷಾರಾಗಿದ್ದವರನ್ನೂ ಕೇಳುತ್ತಾನೆ. ಅನ್ನ ಸಾರು ಉಂಡವರು 190, ಅವರಲ್ಲಿ ಕಾಯಿಲೆ ಬಿದ್ದವರು 57. ನೂರಕ್ಕೆ 30. ಉಣ್ಣದವರು 10, ಕಾಯಿಲೆ ಬಿದ್ದವರು 3. ಅದೂ ನೂರಕ್ಕೆ 30. ಅಂದಮೇಲೆ ಸಾರು ನಿರಪರಾಧಿ. ಈಗ ಬಾಸುಂದಿ ನೋಡಿ. ತಿಂದವರು 100, ಅವರಲ್ಲಿ ಕಾಯಿಲೆ 55 ಮಂದಿಗೆ. ತಿನ್ನದವರು 100, ಕಾಯಿಲೆ 5 ಮಂದಿಗೆ. ಹನ್ನೊಂದು ಪಟ್ಟು ವ್ಯತ್ಯಾಸ! ಉಂಡ ಎರಡು ಮೂರು ಗಂಟೆಯಲ್ಲೇ ವಾಂತಿ ಶುರುವಾಗಿದ್ದರೆ ಸ್ಟಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾದ ವಿಷದ ಮೇಲೆ ಅನುಮಾನ ಬಲವಾಗುತ್ತದೆ. ಹಾಲಿನ ಸಿಹಿಯನ್ನು ಕಾಯಿಸಿ ಗಂಟೆಗಟ್ಟಲೆ ಹೊರಗಿಟ್ಟರೆ ಬೆಳೆಯುವ ಈ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ.

ಬಾಸುಂದಿ ತಿನ್ನದೆಯೂ ಐವರಿಗೆ ಹೇಗೆ ಬಂತೆಂದು ನೀವು ಕೇಳಬಹುದು. ತಿಂದದ್ದು ಮರೆತಿರಬಹುದು, ಬಾಸುಂದಿ ಬಡಿಸಿದ ಸೌಟು ಬೇರೆ ಪಾತ್ರೆಗೂ ಬಿದ್ದಿರಬಹುದು, ಬೇರೆ ಕಾರಣಕ್ಕೇ ಹೊಟ್ಟೆ ಕೆಟ್ಟಿರಬಹುದು. ಲೆಕ್ಕ ಒಬ್ಬೊಬ್ಬರ ಕತೆಗೂ ಉತ್ತರ ಹೇಳುವುದಿಲ್ಲ. ಗುಂಪಿನ ಒಲವನ್ನು ತೋರಿಸುತ್ತದೆ.

ಈ ಮಾತನ್ನು ಒಪ್ಪದವರೇ ‘ನಮ್ಮಜ್ಜ ತೊಂಬತ್ತರವರೆಗೆ ಬೀಡಿ ಸೇದಿದರು, ಏನಾಯ್ತು?’ ಎನ್ನುವುದು. ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1950ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇದ್ದ 649 ಗಂಡಸರನ್ನೂ ಬೇರೆ ಕಾಯಿಲೆಗಳ ಅಷ್ಟೇ ಮಂದಿ ಗಂಡಸರನ್ನೂ ಹೋಲಿಸಿದರು. ಧೂಮಪಾನ ಮಾಡದವರು ಕ್ಯಾನ್ಸರ್ ಗುಂಪಿನಲ್ಲಿ ಕೇವಲ 2, ಇನ್ನೊಂದರಲ್ಲಿ 27. ಬಳಿಕ 1951ರಿಂದ ಅಲ್ಲಿನ ವೈದ್ಯರನ್ನೇ ಐವತ್ತು ವರ್ಷ ಹಿಂಬಾಲಿಸಿದ ಅಧ್ಯಯನ, ಬಿಡದೆ ಸಿಗರೇಟು ಸೇದುತ್ತಿದ್ದವರ ಆಯುಷ್ಯ ಸರಾಸರಿ ಹತ್ತು ವರ್ಷ ಕಡಿಮೆ ಎಂದು 2004ರಲ್ಲಿ ತೋರಿಸಿತು. ಅಜ್ಜ ಬದುಕಿದ್ದು ನಿಜ. ಬದುಕದವರು ಕತೆ ಹೇಳಲು ಉಳಿದಿಲ್ಲ, ಅಷ್ಟೆ.

ಇಲ್ಲಿ ಮತ್ತೊಂದು ಎಚ್ಚರವನ್ನೂ ಕಲಿಸುತ್ತಾರೆ. ಜೇಬಿನಲ್ಲಿ ಬೆಂಕಿಪೊಟ್ಟಣ ಇಟ್ಟುಕೊಳ್ಳುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚು ಎಂದು ಲೆಕ್ಕ ತೋರಿಸಬಹುದು. ಬೆಂಕಿಪೊಟ್ಟಣದಿಂದ ಕ್ಯಾನ್ಸರ್ ಬರುತ್ತದೆಯೇ? ಎರಡಕ್ಕೂ ಕಾರಣವಾದ ಮೂರನೆಯದು ಮರೆಯಲ್ಲಿ ನಿಂತಿರುತ್ತದೆ. ಅದನ್ನು ಹುಡುಕಿ ಎಳೆದು ತರುವುದೇ ಈ ವಿದ್ಯೆಯ ಕಷ್ಟದ ಭಾಗ.

ನೂರಕ್ಕೆ ತೊಂಬತ್ತೊಂಬತ್ತು ಗುಣ!

ಕಾಮಾಲೆಗೆ ಔಷಧಿ ಕೊಡುವವರು ನಮ್ಮಲ್ಲಿ ಊರಿಗೊಬ್ಬರಿದ್ದಾರೆ. ‘ನೂರಕ್ಕೆ ತೊಂಬತ್ತೊಂಬತ್ತು ಮಂದಿಗೆ ಗುಣವಾಗಿದೆ’ ಎಂಬ ಮಾತು ಸುಳ್ಳೂ ಅಲ್ಲ. ಆದರೆ ಕಲುಷಿತ ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ಕಾಮಾಲೆಯಲ್ಲಿ ಏನೂ ಕೊಡದಿದ್ದರೂ ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಔಷಧಿ ಪಡೆಯದ ಇನ್ನೊಂದು ಗುಂಪಿನೊಡನೆ ಹೋಲಿಸದೆ ಯಾವ ಔಷಧಿಯನ್ನೂ ಹೊಗಳಬಾರದು. ಇಂಗ್ಲಿಷ್ ಔಷಧಿಗೂ ಇದೇ ನಿಯಮ. ಕಾಮಾಲೆಗೆ ಬೇರೆ ಕಾರಣಗಳೂ ಉಂಟು, ಕೆಲವು ಅಪಾಯಕಾರಿ. ಆದ್ದರಿಂದ ರಕ್ತಪರೀಕ್ಷೆ ಮಾಡಿಸದೆ ಕಾಯುವುದು ಸರಿಯಲ್ಲ.

ಇಂಥ ಹೋಲಿಕೆಯಲ್ಲಿ ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುತ್ತಾರೆ. ಮದರಾಸಿನಲ್ಲಿ 1956ರಲ್ಲಿ ಶುರುವಾದ ಪ್ರಯೋಗವೊಂದರಲ್ಲಿ 193 ಕ್ಷಯರೋಗಿಗಳನ್ನು ಹೀಗೆ ವಿಂಗಡಿಸಿ ಕೆಲವರಿಗೆ ಸ್ಯಾನಟೋರಿಯಂನಲ್ಲಿ, ಕೆಲವರಿಗೆ ಮನೆಯಲ್ಲೇ ಅದೇ ಔಷಧಿ ಕೊಟ್ಟರು. ಮನೆಯ ಚಿಕಿತ್ಸೆಯೂ ಹೆಚ್ಚುಕಡಿಮೆ ಅಷ್ಟೇ ಫಲ ಕೊಟ್ಟಿತು ಎಂಬುದು 1959ರಲ್ಲಿ ಪ್ರಕಟವಾಯಿತು. ಮನೆ ಮಂದಿಗೆ ಅದರಿಂದ ಸೋಂಕಿನ ಅಪಾಯ ಹೆಚ್ಚಲಿಲ್ಲ ಎಂಬುದೂ ತಿಳಿದುಬಂತು. ಕ್ಷಯ ಬಂದರೆ ಮನೆ ಮಕ್ಕಳನ್ನು ಬಿಟ್ಟು ವರ್ಷಗಟ್ಟಲೆ ಸ್ಯಾನಟೋರಿಯಂ ಸೇರಬೇಕೆಂಬ ಕಾಲ ಮುಗಿಯಲು ಈ ಲೆಕ್ಕ ದೊಡ್ಡ ಕಾರಣ.

ಹೋಲಿಸುವ ಗುಂಪು ದೊಡ್ಡದಾಗಿರಬೇಕೆನ್ನುವುದೂ ಸುಮ್ಮನೆ ಅಲ್ಲ. ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ ಏಳು ಅಥವಾ ಹೆಚ್ಚು ಸಲ ಸಿಂಹದ ಮುಖವೇ ಬೀಳುವ ಸಾಧ್ಯತೆ ಸುಮಾರು ಆರರಲ್ಲಿ ಒಂದು. ನೂರು ಸಲದಲ್ಲಿ ಎಪ್ಪತ್ತು ಬೀಳುವುದು ಹತ್ತು ಸಾವಿರಕ್ಕೊಮ್ಮೆಯೂ ದುರ್ಲಭ. ಹತ್ತು ರೋಗಿಗಳಲ್ಲಿ ಏಳು ಮಂದಿಗೆ ಗುಣವಾಯಿತೆಂಬ ಸುದ್ದಿಗೆ ಮಾರುಹೋಗಬೇಡಿ ಎನ್ನುವುದು ಇದಕ್ಕೇ. ಆಕಸ್ಮಿಕವನ್ನು ಅಳೆಯುವ ಈ ಶಾಸ್ತ್ರದ ಜಗತ್ಪ್ರಸಿದ್ಧ ವಿದ್ವಾಂಸ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ.

‘ಪಾಸಿಟಿವ್’ ಬಂದರೆ?

ನಿಮ್ಮ ಮನೆಗೆ ನೇರವಾಗಿ ಸಂಬಂಧಿಸಿದ ಲೆಕ್ಕ ಇದು. ಸಾವಿರಕ್ಕೆ ಒಬ್ಬರಿಗಿರುವ ಒಂದು ಕಾಯಿಲೆ ಎಂದಿಟ್ಟುಕೊಳ್ಳಿ. ಅದರ ಪರೀಕ್ಷೆ ಕಾಯಿಲೆಯಿದ್ದ ಹತ್ತರಲ್ಲಿ ಒಂಬತ್ತು ಮಂದಿಯನ್ನು ಹಿಡಿಯುತ್ತದೆ, ಕಾಯಿಲೆಯಿಲ್ಲದ ನೂರರಲ್ಲಿ ಐವರಿಗೆ ಸುಳ್ಳು ಎಚ್ಚರಿಕೆ ಕೊಡುತ್ತದೆ. ಆರೋಗ್ಯವಾಗಿ ಕಾಣುವ 10,000 ಜನರನ್ನು ಪರೀಕ್ಷಿಸಿದರೆ ಕಾಯಿಲೆಯಿರುವ ಹತ್ತರಲ್ಲಿ 9 ಮಂದಿ ಸಿಗುತ್ತಾರೆ. ಜೊತೆಗೆ ಕಾಯಿಲೆಯಿಲ್ಲದ ಸುಮಾರು 500 ಮಂದಿಗೂ ಪಾಸಿಟಿವ್ ಬರುತ್ತದೆ. ಅಂದರೆ ಪಾಸಿಟಿವ್ ಬಂದ ನೂರು ಮಂದಿಯಲ್ಲಿ ನಿಜವಾಗಿ ಕಾಯಿಲೆಯಿರುವವರು ಇಬ್ಬರೂ ಇಲ್ಲ!

ಅದೇ ಪರೀಕ್ಷೆಯನ್ನು ರೋಗಲಕ್ಷಣ ಇರುವವರಿಗೆ, ಹತ್ತರಲ್ಲಿ ಒಬ್ಬರಿಗೆ ಕಾಯಿಲೆ ಇರಬಹುದಾದ ಗುಂಪಿಗೆ ಮಾಡಿದರೆ ಪಾಸಿಟಿವ್ ಬಂದ ಮೂವರಲ್ಲಿ ಇಬ್ಬರಿಗೆ ಕಾಯಿಲೆ ನಿಜ. ವೈದ್ಯರು ಮೊದಲು ಮಾತಾಡಿಸಿ, ಮುಟ್ಟಿ ನೋಡಿ, ಆಮೇಲೆ ಪರೀಕ್ಷೆ ಬರೆಯುವುದರ ಹಿಂದೆ ಇದೇ ತರ್ಕವಿದೆ. ಸಿಕ್ಕ ಪರೀಕ್ಷೆಗಳನ್ನೆಲ್ಲ ಪ್ಯಾಕೇಜಿನಲ್ಲಿ ಮಾಡಿಸಿ, ಒಂದು ಗೆರೆ ಕೆಂಪಾಗಿ ಬಂದದ್ದಕ್ಕೆ ನಿದ್ದೆಗೆಡುವವರು ಇದನ್ನು ನೆನಪಿಡಬೇಕು. ರಕ್ತದೊತ್ತಡ, ಸಕ್ಕರೆಯಂಥ ಸಾಮಾನ್ಯ ಕಾಯಿಲೆಗಳ ತಪಾಸಣೆಯ ಮಾತು ಬೇರೆ. ಅವು ಬಹಳ ಮಂದಿಯಲ್ಲಿರುವುದರಿಂದ ವಯಸ್ಸಿಗೆ ತಕ್ಕಂತೆ ಮಾಡಿಸಲೇಬೇಕು.

ಓದುಗರು ಮಾಡಬಹುದಾದದ್ದು

* ‘ಇದನ್ನು ತಿಂದರೆ ಅಪಾಯ ಎರಡು ಪಟ್ಟು’ ಎಂಬ ಸುದ್ದಿ ಓದಿದಾಗ ‘ಎಷ್ಟರಿಂದ ಎಷ್ಟಕ್ಕೆ?’ ಎಂದು ಕೇಳಿಕೊಳ್ಳಿ. ಹತ್ತು ಸಾವಿರದಲ್ಲಿ ಒಂದು ಇದ್ದದ್ದು ಎರಡಾದರೂ ಎರಡು ಪಟ್ಟೇ.

* ಯಾವುದೇ ಔಷಧಿಯ ಜಾಹೀರಾತು ಕಂಡಾಗ ಎಷ್ಟು ಜನರ ಮೇಲೆ, ಯಾರೊಂದಿಗೆ ಹೋಲಿಸಿ, ಎಷ್ಟು ದಿನ ನೋಡಿದರು ಎಂಬ ಮೂರು ಪ್ರಶ್ನೆ ಹಾಕಿ. ಉತ್ತರವಿಲ್ಲದಿದ್ದರೆ ಹಣ ಜೇಬಿನಲ್ಲೇ ಇರಲಿ.

* ಕಾಯಿಲೆ ಇಲ್ಲದ ಮನೆಯ ವಿವರವೂ ತನಿಖೆಗೆ ಬೇಕು. ಆಶಾ ಕಾರ್ಯಕರ್ತೆಯೋ ವೈದ್ಯ ವಿದ್ಯಾರ್ಥಿಯೋ ಮಾಹಿತಿ ಕೇಳಲು ಬಂದರೆ ‘ನಮಗೇನೂ ಇಲ್ಲ’ ಎಂದು ಬಾಗಿಲು ಹಾಕಬೇಡಿ. ಗುರುತಿನ ಚೀಟಿ ನೋಡಿ, ಕೂರಿಸಿ, ಇದ್ದದ್ದನ್ನು ಇದ್ದಂತೆ ಹೇಳಿ.

* ಒಂದೇ ಬೀದಿಯಲ್ಲಿ ಹಲವರಿಗೆ ಒಟ್ಟಿಗೆ ವಾಂತಿಭೇದಿ, ಜ್ವರ ಅಥವಾ ಕಾಮಾಲೆ ಕಂಡರೆ ಔಷಧಿ ತಂದು ಸುಮ್ಮನಾಗದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಯಾರಿಗೆ ಯಾವ ದಿನ ಶುರುವಾಯಿತು, ಕುಡಿಯುವ ನೀರು ಎಲ್ಲಿಂದ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟರೆ ತನಿಖೆಗೆ ಬರುವ ವೈದ್ಯರ ಅರ್ಧ ಕೆಲಸ ಮುಗಿದಂತೆ. ಅವರು ಬರುವವರೆಗೆ ನೀರನ್ನು ಕುದಿಸಿ ಆರಿಸಿ ಕುಡಿಯಿರಿ.