ದೊಡ್ಡ ಗಡಿಯಾರದ ಎದುರು ಒಂದು ಗಂಟೆ

ಮೈಸೂರಿನ ದೊಡ್ಡ ಗಡಿಯಾರದ ಮುಖದ ಮೇಲಿರುವ ಅಂಕಿಗಳು ಯಾವ ಲಿಪಿಯವು? ಆ ದಾರಿಯಲ್ಲಿ ದಿನವೂ ಓಡಾಡುವವರು ಕೂಡ ಈ ಪ್ರಶ್ನೆಗೆ ಒಂದು ಕ್ಷಣ ತಡವರಿಸಿದರೆ ಆಶ್ಚರ್ಯವಿಲ್ಲ. ಅವು ಕನ್ನಡ ಅಂಕಿಗಳು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದ, ಸುಮಾರು 75 ಅಡಿ ಎತ್ತರದ ಈ ಗೋಪುರ ಪುರಭವನದ ಪಕ್ಕದಲ್ಲಿ ಎಲ್ಲರಿಗೂ ಕಾಣುವಂತೆಯೇ ನಿಂತಿದೆ. ಆದರೆ ಗಂಟೆ ನೋಡುವವರಿಗೆ ಮುಳ್ಳು ಸಾಕು, ಅಂಕಿಯ ಹಂಗಿಲ್ಲ. ಅಂಕಿ ಬೇಕಾಗುವುದು ಅದರೆದುರು ಕೂತು ಚಿತ್ರ ಬರೆಯುವವರಿಗೆ. ೬ರ ಬಾಲ ಯಾವ ಕಡೆ ತಿರುಗುತ್ತದೆ, ೯ರದು ಯಾವ ಕಡೆ ಎಂದು ಪೆನ್ನು ಒಂದು ಗಳಿಗೆ ನಿಲ್ಲುತ್ತದೆ, ತಲೆ ಮೇಲೇಳುತ್ತದೆ, ಕಣ್ಣು ನಿಜವಾಗಿ ನೋಡುತ್ತದೆ. ಮಳೆಗಾಲದ ಜಡ, ಪರೀಕ್ಷೆಯ ಒತ್ತಡ, ಮನೆಯವರ ಕಾಯಿಲೆ, ಕಚೇರಿಯ ಮೈಮುರಿಯುವ ಕೆಲಸ, ಹೀಗೆ ಏನೋ ಒಂದು ಕಾರಣಕ್ಕೆ ಹವ್ಯಾಸಗಳೆಲ್ಲ ಅಟ್ಟ ಸೇರಿಬಿಟ್ಟವರಿಗೆ ಮತ್ತೆ ಶುರುಮಾಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಎಂಬುದು ಈ ಲೇಖನದ ವಾದ: ಒಂದು ಸಣ್ಣ ಪುಸ್ತಕ, ಒಂದು ಪೆನ್ನು, ಮತ್ತು ನಿಮ್ಮದೇ ಊರು.

ಸ್ಥಳದಲ್ಲೇ ಕೂತು ಕಂಡದ್ದನ್ನು ಬರೆಯುವ ಈ ಪದ್ಧತಿ ಹಳೆಯದು. ಅದು ಇವತ್ತಿನ ರೂಪದ ಬಳಗವಾಗಿ ಬೆಳೆದದ್ದು ಮಾತ್ರ ಇತ್ತೀಚೆಗೆ. ಸ್ಪೇನ್ ಮೂಲದ ಪತ್ರಿಕಾ ಚಿತ್ರಕಾರ ಗೇಬ್ರಿಯಲ್ ಕಾಂಪನಾರಿಯೊ ಅಮೆರಿಕದ ಸಿಯಾಟಲ್‌ಗೆ ಹೋಗಿ ನೆಲೆಸಿದಾಗ ಹೊಸ ಊರಿನ ಪರಿಚಯ ಮಾಡಿಕೊಳ್ಳಲು ಅದರ ಬೀದಿಗಳನ್ನು ಬರೆಯತೊಡಗಿದರು. ತಮ್ಮಂತೆ ಬರೆಯುವವರನ್ನು ಒಟ್ಟುಗೂಡಿಸಲು 2007ರಲ್ಲಿ ಅಂತರ್ಜಾಲದಲ್ಲಿ ಒಂದು ಗುಂಪು ಮಾಡಿದರು. ಎರಡು ವರ್ಷದಲ್ಲಿ ಅದು 'ಅರ್ಬನ್ ಸ್ಕೆಚರ್ಸ್' ಎಂಬ ಲಾಭರಹಿತ ಸಂಸ್ಥೆಯಾಯಿತು. 2010ರಲ್ಲಿ ಪೋರ್ಟ್‌ಲೆಂಡ್‌ನಲ್ಲಿ ಮೊದಲ ಸಮಾವೇಶ ನಡೆಯಿತು. ಈಗ ಬೆಂಗಳೂರೂ ಸೇರಿದಂತೆ ಜಗತ್ತಿನ ಹಲವು ನಗರಗಳಲ್ಲಿ ಈ ಬಳಗಗಳಿವೆ. ಇವರ ಕಟ್ಟಳೆಗಳಲ್ಲಿ ಮುಖ್ಯವಾದವು ಎರಡು: ಚಿತ್ರವನ್ನು ಸ್ಥಳದಲ್ಲೇ ಬರೆಯಬೇಕು, ಕಂಡದ್ದಕ್ಕೆ ನಿಷ್ಠವಾಗಿರಬೇಕು. ಫೋಟೊ ನೋಡಿ ಮನೆಯಲ್ಲಿ ಬರೆದದ್ದು ಇಲ್ಲಿ ಲೆಕ್ಕಕ್ಕಿಲ್ಲ. ಚಿತ್ರ ಚೆನ್ನಾಗಿರಬೇಕೆಂಬ ಕಟ್ಟಳೆಯಂತೂ ಇಲ್ಲವೇ ಇಲ್ಲ. ಕನ್ನಡದಲ್ಲಿ ನಾವು ಚಿತ್ರವನ್ನು 'ಬರೆಯುತ್ತೇವೆ', ಕಾಗದ ಬರೆದ ಹಾಗೆ, ಲೆಕ್ಕ ಬರೆದ ಹಾಗೆ. ಈ ಕಸುಬಿಗೆ ಇಷ್ಟು ಹೊಂದುವ ಕ್ರಿಯಾಪದ ನಮ್ಮಲ್ಲಿ ಮೊದಲೇ ಇದೆ.

ನಿಂತುಹೋದ ಹವ್ಯಾಸ ಮತ್ತೆ ಚಿಗುರದಿರಲು ಸೋಮಾರಿತನವೇ ಕಾರಣ ಎಂದು ನಮ್ಮನ್ನು ನಾವೇ ಹಳಿದುಕೊಳ್ಳುತ್ತೇವೆ. ಅದು ಅನ್ಯಾಯ. ನಿಜವಾದ ತೊಡಕು ಬೇರೆ. ಮನೆಯಲ್ಲಿ ಬಿಳಿ ಹಾಳೆ ಮುಂದಿಟ್ಟುಕೊಂಡು ಕೂತರೆ ಅದು ಏನು ಬರೆಯುತ್ತೀ ಎಂದು ಕೇಳುತ್ತದೆ. ಬಹುಕಾಲ ಸುಮ್ಮನಿದ್ದ ಮನಸ್ಸಿಗೆ ಆ ಪ್ರಶ್ನೆಯೇ ಭಾರ. ಸರಿ, ಊರು ಸುತ್ತೋಣವೆಂದು ಹೊರಟರೆ ಎರಡನೆಯ ವಾರಕ್ಕೇ ಬೇಸರ ಬರುತ್ತದೆ, ಯಾಕೆಂದರೆ ಕೆಲಸವಿಲ್ಲದ ಸುತ್ತಾಟಕ್ಕೆ ಹಿಡಿತವಿರುವುದಿಲ್ಲ. ಎರಡನ್ನೂ ಜೋಡಿಸಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹಾಳೆಯ ಪ್ರಶ್ನೆಗೆ ಬೀದಿ ಉತ್ತರ ಕೊಡುತ್ತದೆ, ನಡಿಗೆಗೆ ಹಾಳೆ ಉದ್ದೇಶ ಕೊಡುತ್ತದೆ. ದೂರ ಹೋಗಬೇಕೆಂದೂ ಇಲ್ಲ. ಮೈಸೂರಿನಲ್ಲಿ ಬೆಳೆದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಬಾಲ್ಯದಲ್ಲಿ ತಾವು ಬರೆಯುತ್ತಿದ್ದುದನ್ನು ಆತ್ಮಕಥೆಯಲ್ಲಿ ನೆನೆದಿದ್ದಾರೆ: ಕಿಟಕಿಯಾಚೆಯ ಒಣ ಕಡ್ಡಿಗಳು, ಸೌದೆ ಒಡೆಯುವ ಆಳು, ಎದುರು ಮನೆಯ ಮಾಡಿನ ಮೇಲೆ ನಾನಾ ಭಂಗಿಯಲ್ಲಿ ಕೂತ ಕಾಗೆಗಳು. ಮುಂದೆ ಇಡೀ ದೇಶದ ಮುಖವನ್ನು ಬರೆದ ಕೈ ಪಳಗಿದ್ದು ಕಿಟಕಿಯಿಂದ ಕಾಣುವಷ್ಟು ಜಾಗದಲ್ಲೇ. 2020ರ ಲಾಕ್‌ಡೌನ್ ಕಾಲದಲ್ಲಿ ಬೀದಿಗಿಳಿಯಲಾಗದ ಅರ್ಬನ್ ಸ್ಕೆಚರ್ಸ್ ಬಳಗಗಳವರೂ ಅದನ್ನೇ ಮಾಡಿದರು. ಅಡುಗೆಮನೆಯ ಒಲೆ, ಬಾಲ್ಕನಿಯ ತಂತಿಗೆ ಹಾಕಿದ ಬಟ್ಟೆ, ಕಿಟಕಿಯಿಂದ ಕಾಣುವ ಖಾಲಿ ರಸ್ತೆ ಅವರ ಪುಸ್ತಕಕ್ಕೆ ಬಂದವು.

ಮೊಬೈಲಿನಲ್ಲಿ ಒಂದು ಫೋಟೊ ಹೊಡೆದರೆ ಸಾಲದೆ, ಗಂಟೆಗಟ್ಟಲೆ ಯಾಕೆ ಕೂರಬೇಕು ಎನ್ನುವವರಿದ್ದಾರೆ. ದಾಖಲೆಯಷ್ಟೇ ಬೇಕಿದ್ದರೆ ಫೋಟೊ ಸಾಕು, ಅದರಲ್ಲಿ ಅನುಮಾನವಿಲ್ಲ. ಆದರೆ ನೋಡಿದ್ದು ನಮ್ಮೊಳಗೆ ಉಳಿಯಬೇಕಾದರೆ? ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ವಿದ್ಯಾರ್ಥಿಗಳನ್ನು ಒಂದು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು, ಕೆಲವು ವಸ್ತುಗಳ ಫೋಟೊ ತೆಗೆಯಲು, ಕೆಲವನ್ನು ಬರಿಗಣ್ಣಿನಲ್ಲಿ ನೋಡಲು ಹೇಳಿದರು. ಮಾರನೆಯ ದಿನ ಪರೀಕ್ಷಿಸಿದಾಗ, ಫೋಟೊ ತೆಗೆದ ವಸ್ತುಗಳ ನೆನಪೇ ಕಡಿಮೆಯಿತ್ತು. 2014ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಇನ್ನೊಂದು ಅಂಶವಿದೆ, ಅದನ್ನು ಮುಚ್ಚಿಡಬಾರದು: ವಸ್ತುವಿನ ಒಂದು ಭಾಗವನ್ನೇ ಹತ್ತಿರಕ್ಕೆ ತಂದುಕೊಂಡು ಫೋಟೊ ತೆಗೆದವರಲ್ಲಿ ಈ ಮರೆವು ಕಾಣಲಿಲ್ಲ. ಅಂದರೆ ತಪ್ಪು ಕ್ಯಾಮೆರಾದ್ದಲ್ಲ, ಗಮನ ಕೊಡದೆ ಕ್ಲಿಕ್ಕಿಸಿ ಮುಂದೆ ಹೋಗುವುದರದ್ದು. ಚಿತ್ರ ಬರೆಯುವವರಿಗೆ ಹಾಗೆ ಮುಂದೆ ಹೋಗಲು ಅವಕಾಶವೇ ಇಲ್ಲ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದ್ದೂ ಇದಕ್ಕೆ ಪೂರಕವಾಗಿದೆ. ಒಂದು ಪದವನ್ನು ಅಕ್ಷರದಲ್ಲಿ ಬರೆದವರಿಗಿಂತ, ಅದು ಸೂಚಿಸುವ ವಸ್ತುವಿನ ಚಿತ್ರ ಬರೆದವರಿಗೆ ಅದು ಹೆಚ್ಚು ನೆನಪುಳಿಯಿತು. ಬರೆಯಲು ನಾಲ್ಕೇ ಸೆಕೆಂಡು ಕೊಟ್ಟಾಗಲೂ ಫಲ ಬದಲಾಗಲಿಲ್ಲ. ನಾಲ್ಕು ಸೆಕೆಂಡಿನಲ್ಲಿ ಯಾರಿಂದಲೂ ಒಳ್ಳೆಯ ಚಿತ್ರವಾಗದು. ಅಂದರೆ ನೆನಪುಳಿಯಲು ಚಿತ್ರ ಚೆನ್ನಾಗಿರಬೇಕಿಲ್ಲ.

ಇಷ್ಟಾದರೂ, 'ನನಗೆ ಚಿತ್ರ ಬರೆಯೋಕೆ ಬರಲ್ಲ' ಎಂಬ ಮಾತು ಉಳಿದೇ ಉಳಿಯುತ್ತದೆ. ಈ ಮಾತು ಆಡುವವರಲ್ಲಿ ಎಷ್ಟೋ ಜನ ಹೆಣ್ಣುಮಕ್ಕಳು ಬೆಳಗಾಗುತ್ತಲೇ ಬಾಗಿಲಿಗೆ ನೀರು ಹಾಕಿ, ಸಾಲುಸಾಲಾಗಿ ಚುಕ್ಕಿ ಇಟ್ಟು, ಎಲ್ಲೂ ಕಡಿಯದ ಎಳೆಯಲ್ಲಿ ಅವನ್ನು ಸುತ್ತಿಬರುತ್ತಾರೆ. ಹೆಬ್ಬೆರಳು ತೋರುಬೆರಳಿನ ನಡುವಿನಿಂದ ಪುಡಿ ಎಷ್ಟು ಸುರಿಯಬೇಕೆಂಬ ಹದ, ಎರಡು ಚುಕ್ಕಿಗಳ ನಡುವಿನ ಅಂತರವನ್ನು ಕಣ್ಣಳತೆಯಲ್ಲೇ ಸಮ ಇಡುವ ಲೆಕ್ಕ, ಅಳಿಸದೆ ಮುಂದುವರಿಯುವ ಧೈರ್ಯ ಅವರಲ್ಲಿದೆ. ಬೀದಿಯಲ್ಲಿ ಕೂತು ಪೆನ್ನಿನಲ್ಲಿ ಬರೆಯುವವರು ವರ್ಷಗಟ್ಟಲೆ ಕಲಿಯುವುದು ಇವನ್ನೇ. ಹಾಗಿದ್ದೂ ರಂಗೋಲಿಯನ್ನು ನಾವು ಚಿತ್ರವೆಂದು ಲೆಕ್ಕಕ್ಕೆ ಹಿಡಿಯದೆ ಹೋದದ್ದು ದೊಡ್ಡ ನಷ್ಟ. ಇನ್ನು ಇಂಗ್ಲೆಂಡಿನ ಕಲಾವಿಮರ್ಶಕ ಜಾನ್ ರಸ್ಕಿನ್ 1854ರಿಂದ ಲಂಡನ್ನಿನ ದುಡಿಯುವವರ ಕಾಲೇಜಿನಲ್ಲಿ ಚಿತ್ರಕಲೆ ಹೇಳಿಕೊಟ್ಟವರು, 1857ರಲ್ಲಿ ಅದಕ್ಕೊಂದು ಕೈಪಿಡಿಯನ್ನೂ ಬರೆದವರು. ಬಡಗಿಯನ್ನು ಕಲಾವಿದನನ್ನಾಗಿ ಮಾಡುವುದು ಅವರ ಗುರಿಯಾಗಿರಲಿಲ್ಲ. ಆತ ಬಡಗಿಯಾಗಿಯೇ ಇನ್ನಷ್ಟು ಸಂತೋಷವಾಗಿರಲಿ ಎಂಬುದಾಗಿತ್ತು. ನೋಡಲು ಕಲಿಯುವುದು ಅವರಿಗೆ ಬರೆಯಲು ಕಲಿಯುವುದಕ್ಕಿಂತ ಮುಖ್ಯವಾಗಿತ್ತು.

'ನಮ್ಮೂರಲ್ಲಿ ನೋಡುವಂಥದ್ದೇನಿದೆ' ಎಂಬ ಆಕ್ಷೇಪಕ್ಕೆ ಉತ್ತರ ಕೊಡುವಾಗ ಮನಸ್ಸು ಸ್ವಲ್ಪ ನೋಯುತ್ತದೆ. ಇದೆ ಎಂದುಕೊಂಡದ್ದು ಒಂದು ಬೆಳಿಗ್ಗೆ ಇಲ್ಲವಾಗುತ್ತದೆ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ 1892ರದು. ಹಳೆಯ ಪುಸ್ತಕದ ಅಂಗಡಿಗಳಿಗೆ ಹೆಸರಾಗಿದ್ದ ಅದರ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಜನರ ಮೇಲೆಯೇ ಕುಸಿದು ಜೀವಹಾನಿಯಾಯಿತು. ನಾಲ್ಕು ವರ್ಷದ ನಂತರ, ಅದೇ ತಿಂಗಳಲ್ಲಿ, ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಬೆಂಗಳೂರಿನ ಹಳೆಯ ಬಂಗಲೆಗಳ ಕಿಟಕಿಗಳ ಮೇಲೆ ಚೂಪಾದ ಮರದ ಪಟ್ಟಿಗಳ ಮುಸುಕು ಇರುತ್ತಿತ್ತಲ್ಲ, 'ಮಂಕಿ ಟಾಪ್' ಎನ್ನುತ್ತಿದ್ದರು. ಈಗ ಅವನ್ನು ಹುಡುಕಿಕೊಂಡು ಹೋಗಬೇಕು. ಚಿತ್ರ ಬರೆದರೆ ಕಟ್ಟಡ ಉಳಿಯುತ್ತದೆಯೇ ಎಂದು ಕೇಳಬಹುದು. ಉಳಿಯುವುದಿಲ್ಲ. ಆದರೆ ಹಾಳೆಯ ಮೇಲೆ ಉಳಿದದ್ದು ಎಂಥ ಕೆಲಸಕ್ಕೆ ಬರುತ್ತದೆಂಬುದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿಯಿದೆ. 1792ರಲ್ಲಿ ಇಂಗ್ಲೆಂಡಿನ ಚಿತ್ರಕಾರ ಥಾಮಸ್ ಡೇನಿಯಲ್ ಮತ್ತು ಅವರ ಸೋದರನ ಮಗ ವಿಲಿಯಂ, ಗವಿಗಂಗಾಧರೇಶ್ವರ ದೇವಾಲಯದ ಚಿತ್ರ ಬರೆದರು. ಸಂಕ್ರಾಂತಿಯ ಸಂಜೆ ಗವಿಯೊಳಗಿನ ಲಿಂಗದ ಮೇಲೆ ಸೂರ್ಯನ ಬೆಳಕು ಬೀಳುವುದಕ್ಕೆ ಹೆಸರಾದ ದೇವಾಲಯ ಅದು. ಎರಡು ಶತಮಾನ ಕಳೆದ ಮೇಲೆ ಸಂಶೋಧಕರು ಆ ಚಿತ್ರಗಳನ್ನೂ ಇಂದಿನ ಕಟ್ಟಡವನ್ನೂ ಹೋಲಿಸಿ, ಹಿಂದೆ ಬೆಳಕು ಬೀಳುತ್ತಿದ್ದುದು ಡಿಸೆಂಬರ್‌ನಲ್ಲಿ, ಸೂರ್ಯ ತೀರಾ ದಕ್ಷಿಣಕ್ಕೆ ಸರಿದ ದಿನಗಳ ಸುಮಾರಿಗೆ ಎಂಬ ತೀರ್ಮಾನಕ್ಕೆ ಬಂದರು. ಆ ಲೇಖನ 2008ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬಂತು. ಡೇನಿಯಲ್‌ರದು ಪಳಗಿದ ಕೈ, ನಿಜ. ಆದರೆ ಇಲ್ಲಿ ನೆರವಾದದ್ದು ಕೈಚಳಕವಲ್ಲ, ಅಂದು ಯಾವ ಗೋಡೆ ಎಲ್ಲಿತ್ತೆಂಬ ಮಾಹಿತಿ. ಅಷ್ಟನ್ನು ಕಲಿಯುವ ಕೈಯೂ ಬರೆಯಬಲ್ಲದು.

ಒಂದು ಅಡ್ಡಿ ಮಾತ್ರ ವಾದದಿಂದ ಕರಗುವಂಥದ್ದಲ್ಲ. ಬೀದಿಬದಿಯಲ್ಲಿ ಒಬ್ಬರೇ ಕೂತರೆ ಜನ ಸುತ್ತ ಸೇರುತ್ತಾರೆ, ಹೆಂಗಸರಾದರೆ ಆ ನೋಟದ ಬಿಸಿ ಇನ್ನೂ ಹೆಚ್ಚು. ಆದ್ದರಿಂದಲೇ ಇಬ್ಬರು ಮೂವರು ಜೊತೆಯಾಗಿ ಹೋಗುವುದು ಮೇಲು. ಹತ್ತಿರದಲ್ಲಿ ಬಳಗವಿದ್ದರೆ ಸರಿ, ಇಲ್ಲದಿದ್ದರೆ ಅಕ್ಕತಂಗಿಯರು, ಪಕ್ಕದ ಮನೆಯವರು, ಶಾಲೆಗೆ ಹೋಗುವ ಮಕ್ಕಳು ಸಾಕು. ಖರ್ಚಿನ ಮಾತೇ ಬೇಡ. ದುಬಾರಿ ಪುಸ್ತಕ ಕೊಂಡರೆ ಹಾಳೆ ಕೆಡುತ್ತದೆಂಬ ಅಂಜಿಕೆಯಲ್ಲೇ ಕೈ ಕಟ್ಟಿಹೋಗುತ್ತದೆ. ಅಂಗೈಯಗಲದ ಗೆರೆಯಿಲ್ಲದ ಪುಸ್ತಕ, ಒಂದು ಜೆಲ್ ಪೆನ್ನು ಇದ್ದರಾಯಿತು. ಪೆನ್ಸಿಲ್ಲು ರಬ್ಬರು ಬೇಡ, ಅಳಿಸುತ್ತಾ ಕೂತರೆ ನೋಡುವುದು ನಿಂತುಹೋಗುತ್ತದೆ. ಇಡೀ ಕಟ್ಟಡಕ್ಕೆ ಕೈಹಾಕದೆ ಒಂದು ಬಾಗಿಲು, ಒಂದು ಜಗಲಿಯ ಕಂಬ, ಹೂವಾಡಗಿತ್ತಿಯ ಬುಟ್ಟಿ, ಇಷ್ಟರಿಂದ ಶುರುಮಾಡಿ. ಮುಂದಿನ ಭಾನುವಾರ ಬಿಸಿಲೇರುವ ಮುನ್ನ ಹೊರಡಿ. ಬರೆದು ಮುಗಿಸಿದ ಮೇಲೆ, ಚಿತ್ರ ಹೇಗೇ ಬಂದಿರಲಿ, ಪುಟದ ಮೂಲೆಯಲ್ಲಿ ಜಾಗದ ಹೆಸರನ್ನೂ ತಾರೀಖನ್ನೂ ಬರೆಯಲು ಮರೆಯಬೇಡಿ.